ಭಾಷಣದಲ್ಲಿ ಚಪ್ಪಾಳೆ ಯಾವಾಗ ಬೀಳುತ್ತದೆ? ಮೈಕ್‌ಸೆಟ್ ಹಿಂದೆ ಕೂತವನ ಒಂದು ಅನುಮಾನ

ಮೈಕ್‌ಸೆಟ್ ಮಂಜ

ಎಲ್ಲರಿಗೂ ನಮಸ್ಕಾರ. ನನ್ನದು ಮೈಕ್‌ಸೆಟ್, ಶಾಮಿಯಾನ ಬಾಡಿಗೆಗೆ ಕೊಡುವ ಕೆಲಸ. ಮದುವೆ, ಜಾತ್ರೆ, ಗಣಪತಿ, ಹರಿಕಥೆ ಎಲ್ಲಕ್ಕೂ ಹೋಗುತ್ತೇನೆ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ನನ್ನ ಗಿರಾಕಿಗಳೇ. ಇಪ್ಪತ್ತು ವರ್ಷದಲ್ಲಿ ನಾನು ಕೇಳಿದಷ್ಟು ಭಾಷಣವನ್ನು ನಮ್ಮ ತಾಲ್ಲೂಕಿನ ಯಾವ ಪತ್ರಕರ್ತರೂ ಕೇಳಿರಲಿಕ್ಕಿಲ್ಲ. ಅವರು ಮಧ್ಯೆ ಎದ್ದು ಹೋಗಬಹುದು. ನಾನು ಆಂಪ್ಲಿಫೈಯರ್ ಬಿಟ್ಟು ಏಳುವ ಹಾಗಿಲ್ಲ.

ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ. ಚಪ್ಪಾಳೆ ಬೀಳುವ ಮುಂಚೆಯೇ ನನಗೆ ಅದು ಗೊತ್ತಾಗುತ್ತದೆ. ಮಾತಿನ ಅರ್ಥ ಕೇಳಿ ಅಲ್ಲ. ಅರ್ಥದ ಕಡೆ ನಾನು ಗಮನವೇ ಕೊಡುವುದಿಲ್ಲ, ಮೈಕು ಎಲ್ಲಿ ಕುಂಯ್ ಅಂದೀತೋ ಅಂತ ಕಿವಿ ಅಲ್ಲಿರುತ್ತದೆ. ಆದರೂ ಕೈ ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಈಗ ಗಲಾಟೆ ಏಳುತ್ತದೆ, ಮುಂದಿನ ಮಾತು ಕೇಳಿಸಬೇಕು ಅಂದರೆ ಸ್ವಲ್ಪ ಏರಿಸಬೇಕು ಅಂತ. ಬಹುತೇಕ ಸಲ ಸರಿಯಾಗಿಯೇ ಆಗುತ್ತದೆ.

ಇನ್ನೂ ಒಂದು. ಮೊನ್ನೆ ಒಬ್ಬರು ಮುಖಂಡರು ಹೀಗೆ ಕೇಳಿದರು. "ಈ ರಸ್ತೆ ಮಾಡಿಸಿದ್ದು ಯಾರು? ಆ ಶಾಲೆ ಕಟ್ಟಿಸಿದ್ದು ಯಾರು? ಆ ಸೇತುವೆ ತಂದಿದ್ದು ಯಾರು?" ಮೂರನೆಯದಕ್ಕೆ ಮೈದಾನವೇ ಎದ್ದು ಕೂತಿತು. ಚಪ್ಪಾಳೆ, ಶಿಳ್ಳೆ. ನಾನು ಕೂತ ಜಾಗದಿಂದ ಆ ಸೇತುವೆ ಕಾಣುತ್ತಿತ್ತು. ಅರ್ಧ ಕಟ್ಟಿ ಬಿಟ್ಟಿದ್ದಾರೆ. ಚಪ್ಪಾಳೆ ಹೊಡೆದವರಲ್ಲಿ ಎಷ್ಟೋ ಜನ ಅದೇ ಕಾರಣಕ್ಕೆ ನಾಲ್ಕು ಕಿಲೋಮೀಟರ್ ಸುತ್ತು ಹಾಕಿಕೊಂಡು ಬಂದವರು.

ಇದರ ಹಿಂದೆ ಏನೋ ಲೆಕ್ಕ ಇದೆ ಅಲ್ವಾ? ಗೊತ್ತಿದ್ದವರು ಹೇಳಿ.

ನಿರ್ವಾಹಕ

ಒಳ್ಳೆಯ ವಿಷಯ. ಮೊದಲೇ ಹೇಳಿಬಿಡುತ್ತೇನೆ, ಪಕ್ಷದ ಜಗಳ ಇಲ್ಲಿ ಬೇಡ. ಭಾಷಣದ ಬಗ್ಗೆ ಮಾತಾಡಿ, ಭಾಷಣ ಬಿಗಿಯಬೇಡಿ.

ಕಡ್ಲೆಪುರಿ

ಲೆಕ್ಕವೂ ಇಲ್ಲ ಗಿಕ್ಕವೂ ಇಲ್ಲ ಮಂಜಣ್ಣ. ಮುಂದಿನ ನಾಲ್ಕು ಸಾಲು ಕಾರ್ಯಕರ್ತರು. ಅವರು ಹೊಡೆದರು, ಹಿಂದಿನವರು ಹೊಡೆದರು. ಬಸ್ಸು ಅವರದು, ಊಟ ಅವರದು, ಚಪ್ಪಾಳೆಯೂ ಅವರದೇ. ಇದಕ್ಕೆ ಸಂಶೋಧನೆ ಬೇರೆ ಕೇಡು.

ಮೈಕ್‌ಸೆಟ್ ಮಂಜ

ಮುಂದಿನ ಸಾಲಿನ ಮಾತು ಒಪ್ಪುತ್ತೇನೆ. ಆದರೆ ನನ್ನ ಕೊನೆಯ ಹಾರ್ನು ಯಾವಾಗಲೂ ಟೀ ಅಂಗಡಿ ಹತ್ತಿರದ ಕಂಬಕ್ಕೆ ಕಟ್ಟಿರುತ್ತದೆ. ಅದು ಕೇಳಿಸುತ್ತಿದೆಯಾ ಅಂತ ನೋಡಲು ನನ್ನ ಕಣ್ಣು ಅಲ್ಲೇ ಇರುತ್ತದೆ. ಅಲ್ಲಿ ನಿಂತವರನ್ನು ಯಾರೂ ಬಸ್ಸಲ್ಲಿ ಕರೆತಂದಿರುವುದಿಲ್ಲ. ಕೈಯಲ್ಲಿ ಟೀ ಲೋಟ ಇರುತ್ತದೆ, ಚಪ್ಪಾಳೆ ಹೊಡೆಯಲು ಆಗುವುದಿಲ್ಲ. ಆದರೂ ಸರಿಯಾಗಿ ಅದೇ ಗಳಿಗೆಗೆ ತಲೆ ಆಡುತ್ತದೆ. ಅದನ್ನು ಹೇಗೆ ವಿವರಿಸುತ್ತೀರಿ?

ಲೀಡ್ಸ್ ಕನ್ನಡಿಗ

ಮಂಜಣ್ಣ, ನಿಮ್ಮ ಅನುಮಾನದ ಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ಕೆಲಸವೇ ನಡೆದಿದೆ. ಮ್ಯಾಕ್ಸ್ ಅಟ್ಕಿನ್ಸನ್ ಅಂತ ಒಬ್ಬರು 1980ರ ದಶಕದಲ್ಲಿ ರಾಜಕಾರಣಿಗಳ ಭಾಷಣದ ರೆಕಾರ್ಡಿಂಗ್ ಕೇಳಿ ಕೇಳಿ ನಿಮ್ಮ ಪ್ರಶ್ನೆಯನ್ನೇ ಕೇಳಿದರು. ಜನ ಒಟ್ಟಿಗೆ ಹೇಗೆ ಕೈ ತಟ್ಟುತ್ತಾರೆ? ಯಾರಿಗೂ ಒಬ್ಬನೇ ಚಪ್ಪಾಳೆ ಹೊಡೆದು ಮಂಗ ಆಗಲು ಇಷ್ಟ ಇರುವುದಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಕ್ಷಣದಲ್ಲಿ "ಈಗ" ಅಂತ ತಿಳಿಯಬೇಕು. ಆ ಸುಳಿವು ಮಾತಿನ ಕಟ್ಟಿನಲ್ಲೇ ಇರುತ್ತದೆ ಅಂತ ಅವರು ತೋರಿಸಿದರು. ಮುಖ್ಯವಾಗಿ ಎರಡು ಕಟ್ಟು. ಒಂದು, ಮೂರರ ಪಟ್ಟಿ. ಎರಡು, ಎದುರುಬದುರು. "ಅವರು ಹಾಗೆ, ನಾವು ಹೀಗೆ" ಅನ್ನುವುದು.

ಮೂರರ ಪಟ್ಟಿಯಲ್ಲಿ ಎರಡನೆಯದು ಬಂದ ಕೂಡಲೇ ಕಿವಿ ಮೂರನೆಯದಕ್ಕೆ ಕಾಯುತ್ತದೆ. ಮೂರನೆಯದರ ಕೊನೆಯಲ್ಲಿ ಕೈ ಸಿದ್ಧವಾಗಿರುತ್ತದೆ. ನಿಮ್ಮ ಸೇತುವೆಗೆ ಚಪ್ಪಾಳೆ ಬಿದ್ದದ್ದು ಸೇತುವೆಗಲ್ಲ, ಅದು ಮೂರನೆಯದಾಗಿ ಬಂದದ್ದಕ್ಕೆ. ಅವರು ಸೇತುವೆ ಮೊದಲು ಹೇಳಿ ಶಾಲೆ ಕೊನೆಗೆ ಹೇಳಿದ್ದರೆ ಶಾಲೆಗೆ ಬೀಳುತ್ತಿತ್ತು.

ಆಮೇಲೆ ಹೆರಿಟೇಜ್ ಮತ್ತು ಗ್ರೇಟ್‌ಬ್ಯಾಚ್ ಅನ್ನುವ ಇಬ್ಬರು 1981ರ ಬ್ರಿಟಿಷ್ ಪಕ್ಷಗಳ ಸಮಾವೇಶಗಳ 476 ಭಾಷಣ ತೆಗೆದುಕೊಂಡು ಎಣಿಸಿದರು. ಚಪ್ಪಾಳೆಗಳಲ್ಲಿ ಸುಮಾರು ಮೂರನೇ ಎರಡರಷ್ಟು ಇಂಥ ಏಳು ಕಟ್ಟುಗಳ ಬೆನ್ನಿಗೇ ಬಿದ್ದಿದ್ದವು. ಕಡ್ಲೆಪುರಿಯವರೇ, ಅಲ್ಲಿ ಕೂತವರೆಲ್ಲ ಕಾರ್ಯಕರ್ತರೇ. ಆದರೂ ಅವರು ಎಲ್ಲ ಮಾತಿಗೂ ಹೊಡೆಯಲಿಲ್ಲ.

ಕಡ್ಲೆಪುರಿ

ಸರಿ ಸರಿ. ಮೂರನೇ ಒಂದರಷ್ಟು ನನ್ನದು ಅಂತ ಇಟ್ಟುಕೊಳ್ಳಿ.

ಎರಡನೇ ಮೈಕು

ಈ ವಿಷಯ ನೋಡಿ ಸುಮ್ಮನಿರಲು ಆಗಲಿಲ್ಲ. ನಾನು ಒಂದಷ್ಟು ವರ್ಷ ವೇದಿಕೆಯಲ್ಲಿ ಎರಡನೇ ಮೈಕಿನ ಮುಂದೆ ನಿಂತವನು. ಅಂದರೆ ದೆಹಲಿಯಿಂದ ಬಂದವರ ಹಿಂದಿ ಭಾಷಣವನ್ನು ಅಲ್ಲೇ ಕನ್ನಡಕ್ಕೆ ಹೇಳುವವನು. ಯಾವ ಪಕ್ಷ, ಯಾರ ಭಾಷಣ ಅಂತ ಹೇಳುವುದಿಲ್ಲ.

ಅಲ್ಲಿ ಎರಡು ಚಪ್ಪಾಳೆ ಬೀಳುತ್ತದೆ. ಹಿಂದಿ ಬಲ್ಲ ಮುಂದಿನ ಸಾಲಿನದು ಒಂದು, ನನ್ನ ಮಾತು ಮುಗಿದ ಮೇಲೆ ಹಿಂದಿನವರದು ಇನ್ನೊಂದು. ಎರಡನೆಯದು ಬಹಳ ಸಲ ಬೀಳುವುದೇ ಇಲ್ಲ. ಆಗ ನಾಯಕರು ನನ್ನ ಕಡೆ ತಿರುಗಿ ನೋಡುತ್ತಾರಲ್ಲ, ಆ ನೋಟ ನೆನೆಸಿಕೊಂಡರೆ ಇವತ್ತಿಗೂ ಬೆವರು ಬರುತ್ತದೆ. ನಾನು ಅರ್ಥ ಪೂರ್ತಿ ಹೇಳಿರುತ್ತೇನೆ. ಒಂದು ಪದವೂ ಬಿಟ್ಟಿರುವುದಿಲ್ಲ. ಆದರೆ ಚಪ್ಪಾಳೆ ಇದ್ದದ್ದು ಅರ್ಥದಲ್ಲಿ ಅಲ್ಲ, ಸದ್ದಿನಲ್ಲಿ.

2018ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಪ್ರಧಾನಿ ಮೋದಿಯವರು 'ಟಾಪ್' ಅಂತ ಒಂದು ಮಾತು ಹೇಳಿದ್ದು ನೆನಪಿದೆಯಾ? ಟೊಮೆಟೊ, ಆನಿಯನ್, ಪೊಟ್ಯಾಟೊ. ಮೂರರ ಮೊದಲ ಅಕ್ಷರ ಸೇರಿ 'ಟಾಪ್', ರೈತರೇ ನಮ್ಮ ಟಾಪ್ ಆದ್ಯತೆ ಅಂತ. ಈಗ ಅದನ್ನು ಕನ್ನಡಕ್ಕೆ ಮಾಡಿ. ಟೊಮೆಟೊ, ಈರುಳ್ಳಿ, ಆಲೂಗಡ್ಡೆ. ಟೊ-ಈ-ಆ. ಸಂತೆಯಲ್ಲಿ ಚೀಲ ಹಿಡಿದು ಕೂಗಿದ ಹಾಗಿರುತ್ತದೆ. ಅದೇ ರೀತಿ 2023ರ ಮೇ 13ರಂದು ಕರ್ನಾಟಕದ ಫಲಿತಾಂಶ ಬಂದಾಗ ರಾಹುಲ್ ಗಾಂಧಿಯವರು "ನಫ್ರತ್ ಕಾ ಬಾಜಾರ್" ಮುಚ್ಚಿತು, "ಮೊಹಬ್ಬತ್ ಕೀ ದುಕಾನ್" ತೆರೆಯಿತು ಅಂದರು. 'ದ್ವೇಷದ ಮಾರುಕಟ್ಟೆ, ಪ್ರೀತಿಯ ಅಂಗಡಿ' ಅಂದರೆ ಅರ್ಥ ಬಂತು. ಆದರೆ ನಫ್ರತ್, ಮೊಹಬ್ಬತ್ ಅನ್ನುವಾಗ ಕೊನೆಯಲ್ಲಿ ಬರುವ ಆ 'ತ್' ಎಲ್ಲಿ ಹೋಯಿತು?

ಒಂದು ಸಲ ನಾಯಕರೊಬ್ಬರು ಇದ್ದಕ್ಕಿದ್ದಂತೆ ಒಂದು ಶಾಯರಿ ಹೊಡೆದರು. ನನಗೆ ಅರ್ಧ ಅರ್ಥವಾಯಿತು. ಐದು ಸೆಕೆಂಡ್ ಟೈಮು. "ಸಾಹೇಬರು ಈಗ ಒಂದು ಒಳ್ಳೆಯ ಶಾಯರಿ ಹೇಳಿದರು" ಅಂದುಬಿಟ್ಟೆ. ಆ ದಿನದ ಅತಿ ಜೋರು ಚಪ್ಪಾಳೆ ಅದಕ್ಕೇ ಬಿತ್ತು. ನಾಯಕರು ಖುಷಿಯಾಗಿ ನನ್ನ ಬೆನ್ನು ತಟ್ಟಿದರು.

ಇದು ನನ್ನ ಪುಣ್ಯ. 2018ರ ಅದೇ ಚುನಾವಣೆಯಲ್ಲಿ ವೇದಿಕೆ ಮೇಲಿನ ಅನುವಾದ ಅರ್ಥವನ್ನೇ ಉಲ್ಟಾ ಮಾಡಿ ಟಿವಿಯಲ್ಲಿ ಸುದ್ದಿಯಾಗಿತ್ತು. ಅದನ್ನು ನೋಡಿ ನಾನು ನಗಲಿಲ್ಲ. ಎರಡನೇ ಮೈಕಿನ ಮುಂದೆ ನಿಂತವರು ಯಾರೂ ನಗುವುದಿಲ್ಲ.

ಮೈಕ್‌ಸೆಟ್ ಮಂಜ

ಸರ್, ಎರಡನೇ ಮೈಕು ಕೊಡುವವನೂ ನಾನೇ. ಅದಕ್ಕೆ ಯಾವಾಗಲೂ ಹಳೆಯದನ್ನು ಕೊಡುತ್ತಿದ್ದೆ. ಇನ್ನು ಮೇಲೆ ಒಳ್ಳೆಯದು ಕೊಡುತ್ತೇನೆ.

ನಿವೃತ್ತ ಮೇಡಂ

ಮಕ್ಕಳಿಗೆ ಮೂವತ್ತು ವರ್ಷ ಅಲಂಕಾರ ಪಾಠ ಮಾಡಿದವಳು ನಾನು. ಆಗ ಇದನ್ನೆಲ್ಲ ಕೇಳಿದ್ದರೆ ಪಾಠ ಸ್ವಲ್ಪ ರುಚಿಯಾಗಿರುತ್ತಿತ್ತು.

ಎರಡನೇ ಮೈಕಿನ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಿಂದಿಯ ಕಿವಿ ಸಾಲಿನ ಕೊನೆಯ ಪ್ರಾಸಕ್ಕೆ ಕಾಯುತ್ತದೆ. ಹಳೆಯ ಕನ್ನಡದ ಕಿವಿ ಹಾಗಿರಲಿಲ್ಲ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಇದ್ದದ್ದು ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ. ಆ ರುಚಿ ಪೂರ್ತಿ ಹೋಗಿಲ್ಲ. ಗಾಂಧೀಜಿ 1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ "ಕರೇಂಗೆ ಯಾ ಮರೇಂಗೆ" ಅಂದರು. ಅದು ಕನ್ನಡಕ್ಕೆ ಬಂದದ್ದು "ಮಾಡು ಇಲ್ಲವೇ ಮಡಿ" ಅಂತ. ಮಾಡು, ಮಡಿ. ಎರಡರಲ್ಲೂ ಎರಡನೇ ಅಕ್ಷರ ಡಕಾರ. ಮೊದಲ ಅಕ್ಷರ ಒಂದು ಕಡೆ ದೀರ್ಘ, ಇನ್ನೊಂದು ಕಡೆ ಹ್ರಸ್ವ, ಹಾಗಾಗಿ ಛಂದಸ್ಸಿನ ಪಂಡಿತರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಕಿವಿ ಒಪ್ಪಿದೆ. ಅದು ಅನುವಾದ ಅಂತಲೇ ನಮಗೆ ಅನಿಸುವುದಿಲ್ಲ. ಆ ಅನುವಾದ ಮಾಡಿದವರು ಯಾರೋ, ಅವರಿಗೊಂದು ನಮಸ್ಕಾರ.

ಉಲ್ಟಾ ಉದಾಹರಣೆಯೂ ಇದೆ, ನಮ್ಮ ಮಲೆನಾಡಿನದೇ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆಗೆ ನಿಂತರು. ಹಿಂದಿನ ವರ್ಷ ರಾಯ್ ಬರೇಲಿಯಲ್ಲಿ ಸೋತಿದ್ದರು. ಇಲ್ಲಿ ಎದುರಾಳಿ ವೀರೇಂದ್ರ ಪಾಟೀಲರು. ಆಗ ಹುಟ್ಟಿದ ಘೋಷಣೆ: "ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್". ಪ್ರಾಸ ನೋಡಿ, ಲಂಗೂರ್, ಮಗಳೂರ್. ಆದರೆ ನಾವು ಚಿಕ್‌ಮಗಳೂರ್ ಅನ್ನುತ್ತೇವಾ? ನಮ್ಮ ಊರು 'ರು' ಅಂತ ಮುಗಿಯುತ್ತದೆ. ಆ ಕೊನೆಯ ಉಕಾರ ಹಾಕಿದ ಕೂಡಲೇ ಪ್ರಾಸ ಸೊಟ್ಟಗಾಗುತ್ತದೆ. ಇನ್ನು ಕನ್ನಡ ಮಾಡಿದರೆ 'ಒಂದು ಹೆಣ್ಣು ಸಿಂಹ, ನೂರು ಮುಸಿಯ'. ಕಾಫಿ ತೋಟದವರಿಗೆ ಮುಸಿಯ ಅಂದರೆ ಬೆಳೆ ಹಾಳು ಮಾಡುವ ಪ್ರಾಣಿ ಅಷ್ಟೇ. ಮತ ಹಾಕಿದ್ದು ಚಿಕ್ಕಮಗಳೂರಿನವರು, ಘೋಷಣೆ ಕೇಳಿಸಿದ್ದು ಉತ್ತರ ಭಾರತಕ್ಕೆ! ಅವರು ಗೆದ್ದದ್ದು ಬೇರೆ ಕಾರಣಕ್ಕೆ, ಅದು ಇನ್ನೊಂದು ಕತೆ.

ಶಿಕಾರಿಪುರದ ಕಡೆಯವ

ಎರಡನೇ ಅಕ್ಷರದ ಪ್ರಾಸ ಅಂದಿರಲ್ಲ ಮೇಡಂ, ನಮ್ಮ ಈಸೂರು ನೆನಪಾಯಿತು.

"ಏಸೂರು ಕೊಟ್ಟರೂ ಈಸೂರು ಕೊಡೆವು."

ನಿವೃತ್ತ ಮೇಡಂ

ಅಯ್ಯೋ, ಅದನ್ನು ನಾನು ಹೇಗೆ ಮರೆತೆ! ನೋಡಿ, ನಾಲ್ಕೇ ಪದ. ಏಸೂರು, ಈಸೂರು. ಎರಡನೇ ಅಕ್ಷರ ಎರಡರಲ್ಲೂ 'ಸೂ', ಮೊದಲನೆಯದು ಎರಡೂ ಕಡೆ ದೀರ್ಘ. ಇದಕ್ಕೆ ಯಾವ ಪಂಡಿತರೂ ತಕರಾರು ತೆಗೆಯುವಂತಿಲ್ಲ. ಒಂದೇ ಸ್ವರ ಬದಲಾದರೆ 'ಎಷ್ಟೋ ಊರು' ಅನ್ನುವುದು 'ನಮ್ಮ ಊರು' ಆಗಿಬಿಡುತ್ತದೆ. ಅದರ ಮೇಲೆ ಕೊಟ್ಟರೂ, ಕೊಡೆವು. ಒಂದೇ ಕ್ರಿಯಾಪದ, ಮೊದಲು ಕೊಡುತ್ತದೆ, ಆಮೇಲೆ ಕೊಡುವುದಿಲ್ಲ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಕನ್ನಡದಲ್ಲಿ ಹೌದು, ಇಲ್ಲ ಅನ್ನುವುದು ವಾಕ್ಯದ ಕಟ್ಟಕಡೆಗೆ ಬರುತ್ತದೆ. "ಏಸೂರು ಕೊಟ್ಟರೂ ಈಸೂರು ಕೊಡೆ..." ಅನ್ನುವವರೆಗೂ ಏನಾಗುತ್ತದೆ ಅಂತ ಗೊತ್ತಿಲ್ಲ. ಇಂಗ್ಲಿಷಿನಲ್ಲಿ 'ವಿ ವಿಲ್ ನಾಟ್' ಅಂತ ಮೊದಲೇ ಹೇಳಿಬಿಡುತ್ತಾರೆ. ನಮ್ಮಲ್ಲಿ ಭಾಷಣಕಾರ ಆ ಕೊನೆಯ ಪದವನ್ನು ಹಿಡಿದಿಟ್ಟುಕೊಂಡು ಆಟ ಆಡಿಸಬಹುದು. "ಈ ನೀರನ್ನು... ಒಂದೇ ಒಂದು ಹನಿಯನ್ನೂ... ಯಾರು ಬಂದು ಕೇಳಿದರೂ..." ಅಂತ ಎಳೆದು, ಜನರ ಉಸಿರು ಹಿಡಿಸಿ, ಆಮೇಲೆ "ಬಿಡಲ್ಲ!"

ಮೈಕ್‌ಸೆಟ್ ಮಂಜ

ಅದೇ! ಅದೇ ಮೇಡಂ! ನನ್ನ ಕೈ ವಾಲ್ಯೂಮಿಗೆ ಹೋಗುವುದು ಆ ಎಳೆತದಲ್ಲಿ. ಆ "ಬಿಡಲ್ಲ" ಬರುವ ಮುಂಚೆ. ಇಷ್ಟು ವರ್ಷ ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಶಿಕಾರಿಪುರದ ಕಡೆಯವ

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಅದನ್ನು ಬರೀ ಪದಗಳ ಚಮತ್ಕಾರ ಅಂತ ಯಾರೂ ನೋಡುವುದಿಲ್ಲ. 1942ರಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರ ಅಂತ ಘೋಷಿಸಿಕೊಂಡರು. ಆಮೇಲೆ ನಡೆದ ಗಲಾಟೆಯಲ್ಲಿ ಅಧಿಕಾರಿಗಳ ಸಾವಾಯಿತು. ಮರುವರ್ಷ ಊರಿನ ಐವರನ್ನು ಗಲ್ಲಿಗೇರಿಸಿದರು. ವೇದಿಕೆಯಲ್ಲಿ ಈಗ ಯಾರಾದರೂ ಆ ಸಾಲನ್ನು ಎತ್ತಿಕೊಂಡು ಏಸೂರಿನ ಜಾಗದಲ್ಲಿ ಇನ್ನೇನೋ ಸೇರಿಸಿ ಚಪ್ಪಾಳೆ ಗಿಟ್ಟಿಸಿದಾಗ ನಮ್ಮೂರ ಹಿರಿಯರು ಕೈ ತಟ್ಟುವುದಿಲ್ಲ.

ಲೀಡ್ಸ್ ಕನ್ನಡಿಗ

ಮೇಡಂ ಹೇಳಿದ ಕ್ರಿಯಾಪದದ ಮಾತಿಗೆ ಇಲ್ಲಿಂದ ಒಂದು ಜೋಡಿ. ಚರ್ಚಿಲ್ 1940ರ ಜೂನ್ 4ರಂದು ಸಂಸತ್ತಿನಲ್ಲಿ ಮಾಡಿದ ಭಾಷಣ ಎಲ್ಲರೂ ಕೇಳಿದ್ದೀರಿ. ಅದರ ಕೊನೆಯ ಕಡೆ ಎಷ್ಟೋ ಸಾಲು 'ವಿ ಶಲ್ ಫೈಟ್' ಅಂತಲೇ ಶುರುವಾಗುತ್ತದೆ. ಅಲ್ಲಿ ಮತ್ತೆ ಮತ್ತೆ ಬರುವ ಮಾತು ತಲೆಯ ಕಡೆ. ಕನ್ನಡ ಮಾಡಿ ನೋಡಿ. "ಕಡಲ ದಂಡೆಯಲ್ಲಿ ಹೋರಾಡುತ್ತೇವೆ, ಹೊಲಗಳಲ್ಲಿ, ಬೀದಿಗಳಲ್ಲಿ ಹೋರಾಡುತ್ತೇವೆ, ಗುಡ್ಡಗಳಲ್ಲಿ ಹೋರಾಡುತ್ತೇವೆ." ತಲೆಯಲ್ಲಿದ್ದದ್ದು ಬಾಲಕ್ಕೆ ಬಂತು. ಮೊದಲು ಜಾಗ, ಆಮೇಲೆ ಹೋರಾಟ. ನನಗೇನೋ ಕನ್ನಡದ್ದೇ ಜಾಸ್ತಿ ಪೆಟ್ಟು ಕೊಡುತ್ತದೆ ಅನಿಸುತ್ತದೆ.

ಒಂದು ತಮಾಷೆ. ಆ ಭಾಷಣ ಅಂದು ರೇಡಿಯೋದಲ್ಲಿ ಅವರ ದನಿಯಲ್ಲಿ ಬರಲೇ ಇಲ್ಲ. ಸುದ್ದಿ ಓದುವವರು ಅದರ ಭಾಗಗಳನ್ನು ಓದಿದರು. ಇವತ್ತು ನಾವು ಕೇಳುವ ರೆಕಾರ್ಡಿಂಗ್ ಅವರು 1949ರಲ್ಲಿ ಮತ್ತೆ ಓದಿದ್ದು. ಆದರೂ ಆ ದಿನವೇ ರೇಡಿಯೋದಲ್ಲಿ ಅವರ ದನಿ ಕೇಳಿದೆವು ಅಂತ ಆಮೇಲೆ ಹೇಳಿಕೊಂಡವರು ಇದ್ದರು.

ಕರಿಕೋಟು

ಕಾನೂನು ವಿದ್ಯಾರ್ಥಿ. ಇದುವರೆಗೆ ಚಪ್ಪಾಳೆಯ ಮಾತೇ ಆಯಿತು. ಚಪ್ಪಾಳೆಗಾಗಿ ಅಲ್ಲದೆ ಇದೇ ಕಟ್ಟನ್ನು ಬಳಸಿದವರೂ ಇದ್ದಾರೆ.

ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡಿದರು. 1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತಿದ್ದೇವೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಅಂದರು. ಅದೇ ಭಾಷಣದಲ್ಲಿ ಇನ್ನೊಂದು ಮಾತಿದೆ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂತ.

ಎರಡೂ ಎದುರುಬದುರು ಕಟ್ಟೇ. ಆದರೆ ಇಲ್ಲಿ ಎದುರಿಗೆ ಇಟ್ಟದ್ದು ಎದುರಾಳಿಯನ್ನಲ್ಲ, ತಾವೇ ಕಟ್ಟಿದ ಸಂವಿಧಾನದ ಮಿತಿಯನ್ನು. ಗೆದ್ದ ದಿನ ಹೋಗಿ 'ಇಲ್ಲಿ ಬಿರುಕಿದೆ' ಅಂತ ತೋರಿಸಿದ ಹಾಗೆ.

ಈಗ 1971ಕ್ಕೆ ಬನ್ನಿ. "ಅವರು ಇಂದಿರಾ ಹಟಾವೋ ಅನ್ನುತ್ತಾರೆ, ನಾನು ಗರೀಬಿ ಹಟಾವೋ ಅನ್ನುತ್ತೇನೆ." ಒಂದೇ ಪದ ಬದಲು, ಉಳಿದದ್ದೆಲ್ಲ ಹಾಗೇ. ಕೇಳಲು ಬಹಳ ಚೆನ್ನ. ಆದರೆ ಆ ಬದಲಾವಣೆಯಲ್ಲಿ ಎದುರಾಳಿಗಳೆಲ್ಲ ಬಡತನದ ಪರ ನಿಂತವರ ಹಾಗೆ ಕಾಣುತ್ತಾರೆ. ಯಾರೂ ಹಾಗೆ ಹೇಳಲಿಲ್ಲ. ಆದರೂ ಕೇಳಿದವರಿಗೆ ಹಾಗೆಯೇ ಅನಿಸಿತು. ನನಗೆ ಇದು ಸ್ವಲ್ಪ ಮೋಸ ಅನಿಸುತ್ತದೆ.

ನಿವೃತ್ತ ಮೇಡಂ

ಮೋಸ ಅಂದರೆ ನಾನು ಒಪ್ಪುವುದಿಲ್ಲ ಮಗ. 1971ರಲ್ಲಿ ನಾನು ಹುಡುಗಿ. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಅಜ್ಜಿಗೆ ಹಿಂದಿಯ ಒಂದು ಪದ ಬರುತ್ತಿರಲಿಲ್ಲ. "ಗರೀಬಿ ಹಟಾವೋ" ಬರುತ್ತಿತ್ತು. ಕನ್ನಡದಲ್ಲಿ 'ಬಡತನ ತೊಲಗಿಸಿ' ಅಂತ ಗೋಡೆ ಮೇಲೆ ಬರೆದಿದ್ದರೂ ಬಾಯಲ್ಲಿ ಇದ್ದದ್ದು ಅದೇ. ಆಗಿನ ಮೈಸೂರು ರಾಜ್ಯದ 27 ಲೋಕಸಭಾ ಸೀಟುಗಳೂ ಅವರಿಗೇ ಬಂದವು. ಬಡತನ ಅನ್ನುವುದು ಹಣೆಬರಹ ಅಲ್ಲ, ಸರ್ಕಾರ ತೆಗೆಯಬೇಕಾದ ವಸ್ತು ಅಂತ ಆ ಅಜ್ಜಿಗೆ ಮೊದಲ ಸಲ ಯಾರೋ ಹೇಳಿದ ಹಾಗಾಯಿತು. ಘೋಷಣೆ ಅಷ್ಟು ಮಾಡಿದರೆ ಸಾಕು.

ಕಡ್ಲೆಪುರಿ

ಬಡತನ ಹೋಯಿತಾ ಮೇಡಂ?

ನಿವೃತ್ತ ಮೇಡಂ

ಅಜ್ಜಿ ಹೋದರು.

ಎರಡನೇ ಮೈಕು

...

ಮೇಡಂ, ಇದನ್ನು ಯಾವ ಭಾಷೆಗೂ ಅನುವಾದ ಮಾಡಲು ನನ್ನ ಕೈಲಾಗುವುದಿಲ್ಲ.

ಕರಿಕೋಟು

ಕ್ಷಮಿಸಿ ಮೇಡಂ. ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಕಟ್ಟು ಮೋಸ ಅಲ್ಲ. ಅದರಲ್ಲಿ ತುಂಬಿದ್ದು ಏನು ಅಂತ ಆಮೇಲೆ ಕೂತು ನೋಡಬೇಕು. ಮೈದಾನದಲ್ಲಿ ನೋಡಲು ಆಗುವುದಿಲ್ಲ, ಅಷ್ಟೇ ನನ್ನ ತಕರಾರು.

ಸಾಗರದವಳು

ಕ್ರಿಯಾಪದ ಕೊನೆಗೆ ಅಂದಿರಿ. ಕ್ರಿಯಾಪದವೇ ಇಲ್ಲದ್ದು ಇನ್ನೂ ಗಟ್ಟಿ. ನಮ್ಮ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಆ ಹೋರಾಟದ ಜೊತೆ ಬೆಳೆದ ಮಾತು "ಉಳುವವನೇ ಹೊಲದೊಡೆಯ". 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಗೂ ಅದೇ ಮಾತು. ಎರಡೇ ಪದ. 'ಆಗಬೇಕು', 'ಮಾಡಿ', 'ಕೊಡಿ' ಏನೂ ಇಲ್ಲ. ಬೇಡಿಕೆಯ ಹಾಗೆ ಅಲ್ಲ, ಇದ್ದದ್ದನ್ನು ಹೇಳಿದ ಹಾಗೆ. ಮತ್ತೆ ಆ 'ಏ' ನೋಡಿ. 'ಉಳುವವನು' ಅಲ್ಲ, 'ಉಳುವವನೇ'. ಆ ಒಂದು ದೀರ್ಘದಲ್ಲಿ ಜಮೀನ್ದಾರ ಹೊರಗೆ ಹೋದ.

ಕಡ್ಲೆಪುರಿ

ಹಾಗಾದರೆ ವಿಧಾನಸೌಧದ ಮೇಲೆ ಕೆಂಗಲ್ ಹನುಮಂತಯ್ಯನವರ ಮಾತು ಇದೆಯಲ್ಲ, "ಸರ್ಕಾರದ ಕೆಲಸ ದೇವರ ಕೆಲಸ". ಅದರಲ್ಲೂ ಕ್ರಿಯಾಪದ ಇಲ್ಲ. ಕ್ರಿಯೆಯೂ ಇಲ್ಲ ಅಂತ ಕಚೇರಿ ಮುಂದೆ ಕ್ಯೂ ನಿಂತವರು ಹೇಳುತ್ತಾರೆ.

ಆದರೆ ಒಂದು ಒಪ್ಪುತ್ತೇನೆ. ಜನ ಅದನ್ನು "ಸರ್ಕಾರದ ಕೆಲಸ ದೇವರೇ ಮಾಡಬೇಕು" ಅಂತ ತಿರುಗಿಸಿದ್ದಾರಲ್ಲ, ಅದೂ ಇದೇ ವಿದ್ಯೆ. ಮೇಲಿನವರು ಕಟ್ಟಿದ್ದನ್ನು ಕೆಳಗಿನವರು ಅದೇ ಇಟ್ಟಿಗೆಯಲ್ಲಿ ಬೇರೆ ಮನೆ ಮಾಡಿದರು. ಭಾಷಣ ಬರೀ ವೇದಿಕೆ ಮೇಲಿನವರ ಸ್ವತ್ತಲ್ಲ.

ರೀಲ್ಸ್ ರಾಣಿ

ಇಷ್ಟು ಓದಲು ಎರಡು ದಿನ ಆಯಿತು ನನಗೆ. ನಾನು ಒಂದು ಕನ್ನಡ ಪೇಜಿಗೆ ಭಾಷಣ ಕತ್ತರಿಸಿ ಕ್ಲಿಪ್ ಮಾಡುವ ಕೆಲಸ ಮಾಡುತ್ತೇನೆ. ಈಗ ಚಪ್ಪಾಳೆಗಿಂತ ಜಾಸ್ತಿ ಬೇಕಿರುವುದು ಕತ್ತರಿಸಲು ಬರುವ ತುಂಡು. ಎಳೆದು ಎಳೆದು "ಬಿಡಲ್ಲ" ಅನ್ನುವುದು ನಮಗೆ ಕೆಲಸಕ್ಕೆ ಬರುವುದಿಲ್ಲ, ಅಷ್ಟರಲ್ಲಿ ನೋಡುವವರು ಮೇಲೆ ತಳ್ಳಿರುತ್ತಾರೆ. ಸಂಖ್ಯೆ ಇದ್ದರೆ ಬಂಗಾರ. 2018ರಲ್ಲಿ ಬಿಜೆಪಿಯವರು ಆಗಿನ ಸರ್ಕಾರವನ್ನು '10 ಪರ್ಸೆಂಟ್ ಸರ್ಕಾರ' ಅಂದರು. 2023ರಲ್ಲಿ ಕಾಂಗ್ರೆಸ್‌ನವರು ಆಗಿನ ಸರ್ಕಾರವನ್ನು '40 ಪರ್ಸೆಂಟ್ ಸರ್ಕಾರ' ಅಂದರು. ಆರೋಪ ನಿಜವೋ ಸುಳ್ಳೋ ಅದು ಬೇರೆ. ಎರಡೂ ಒಂದೇ ಅಚ್ಚು, ಅಂಕಿ ಮಾತ್ರ ಬೇರೆ. ಭ್ರಷ್ಟಾಚಾರ ಅಂದರೆ ನಾಲ್ಕು ಅಕ್ಷರ, ಎರಡು ಒತ್ತು, ಬೋರ್ಡಿನ ಮೇಲೆ ಅರ್ಧ ಜಾಗ. 40 ಅಂದರೆ ಬೆರಳಲ್ಲಿ ತೋರಿಸಬಹುದು.

ನಿರ್ವಾಹಕ

ಎರಡೂ ಪಕ್ಷದ ಉದಾಹರಣೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಇದರ ಕೆಳಗೆ ಬಂದ ಹನ್ನೆರಡು ಕಾಮೆಂಟು ತೆಗೆದಿದ್ದೇನೆ. ಯಾವ ಪರ್ಸೆಂಟ್ ನಿಜ ಅನ್ನುವುದು ಬೇರೆ ಕಡೆ ಆಗಲಿ.

ನಿವೃತ್ತ ಮೇಡಂ

ನಿಲ್ಲಿಸುವುದರ ಬಗ್ಗೆ ಯಾರೂ ಹೇಳಲಿಲ್ಲ. ವಾಜಪೇಯಿಯವರದು ಅಲಂಕಾರ ಕಡಿಮೆ, ಮೌನ ಜಾಸ್ತಿ. 1996ರ ಮೇ ತಿಂಗಳಲ್ಲಿ, 13 ದಿನದ ಸರ್ಕಾರ ಬೀಳುವಾಗ, ಲೋಕಸಭೆಯಲ್ಲಿ ಅವರು ಹೇಳಿದ್ದು ಇಷ್ಟೇ: ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಪಕ್ಷಗಳು ಹುಟ್ಟುತ್ತವೆ, ಒಡೆಯುತ್ತವೆ, ಆದರೆ ಈ ದೇಶ ಉಳಿಯಬೇಕು. ಕಾಗದದ ಮೇಲೆ ಇದರಲ್ಲಿ ವಿಶೇಷ ಏನಿದೆ? ಅವರು ಮಧ್ಯೆ ನಿಲ್ಲುತ್ತಿದ್ದರಲ್ಲ, ಆಗ ಟಿವಿ ಕೆಟ್ಟಿತೇನೋ ಅಂತ ನಮ್ಮ ಮನೆಯವರು ಎದ್ದು ಹೋಗಿ ತಟ್ಟುತ್ತಿದ್ದರು.

ಇನ್ನೊಂದು, ನನಗೆ ಬಹಳ ಇಷ್ಟವಾದದ್ದು. 1948ರ ಜನವರಿ 30ರ ರಾತ್ರಿ ನೆಹರೂ ರೇಡಿಯೋದಲ್ಲಿ ನಮ್ಮ ಬದುಕಿನ ಬೆಳಕು ಆರಿಹೋಯಿತು ಅಂದರು. ಸ್ವಲ್ಪ ಹೊತ್ತಿಗೆ ತಮ್ಮ ಮಾತನ್ನೇ ತಿದ್ದಿಕೊಂಡರು. ಬೆಳಕು ಆರಿತು ಅಂದೆ, ಆದರೆ ತಪ್ಪು ಹೇಳಿದೆ, ಅದು ಸಾಮಾನ್ಯ ಬೆಳಕಲ್ಲ ಅಂತ. ಹೇಳಿ, ಅಳಿಸಿ, ಅದರ ಮೇಲೆ ದೊಡ್ಡದಾಗಿ ಬರೆಯುವುದು. ಅದೇ ಪಟ್ಟನ್ನು ನಮ್ಮ ಹೋಬಳಿಯಲ್ಲೂ ಕೇಳಿದ್ದೇನೆ. "ಮಾನ್ಯ ಶಾಸಕರು... ತಪ್ಪಾಯಿತು, ಶಾಸಕರು ಅನ್ನಬಾರದು, ನಮ್ಮ ಮನೆ ಮಗ!" ಕಲಿತದ್ದೋ, ತಾನಾಗಿ ಬಂದದ್ದೋ, ದೇವರಿಗೇ ಗೊತ್ತು.

ಲೀಡ್ಸ್ ಕನ್ನಡಿಗ

ನೆಹರೂ ಅಂದಾಗ ನೆನಪಾಯಿತು. 1947ರ ಆಗಸ್ಟ್ 14ರ ನಡುರಾತ್ರಿಯ ಭಾಷಣದಲ್ಲಿ "ಜಗತ್ತು ಮಲಗಿರುವಾಗ ಭಾರತ ಎಚ್ಚರಗೊಳ್ಳುತ್ತದೆ" ಅಂದರಲ್ಲ, ಆಗ ಲಂಡನ್ನಿನಲ್ಲಿ ಇನ್ನೂ ಸಂಜೆ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ. ಜಗತ್ತಿನ ಅರ್ಧ ಎದ್ದೇ ಇತ್ತು. ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. 'ಜಗತ್ತಿನ ಅರ್ಧ ಭಾಗ ಮಲಗಿರುವಾಗ' ಅಂದಿದ್ದರೆ ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ.

ಮೈಕ್‌ಸೆಟ್ ಮಂಜ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಪಕ್ಕದ ಊರಲ್ಲಿ ಒಂದು ಕಾರ್ಯಕ್ರಮ ಇತ್ತು. ಈ ಸಲ ಪೆನ್ನು, ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಮೂರರ ಪಟ್ಟಿಗೆ ಒಂದು ಗೆರೆ, ಎದುರುಬದುರಿಗೆ ಒಂದು ಗೆರೆ, ಎಳೆದು ಬಿಡುವುದಕ್ಕೆ ಒಂದು ಗೆರೆ. ಮೊದಲ ಅರ್ಧ ಗಂಟೆ ಗಣ್ಯರ ಹೆಸರು ಹೇಳಿದರು, ಗೆರೆ ಬೀಳಲಿಲ್ಲ. ಆಮೇಲೆ ಮುಖ್ಯ ಭಾಷಣ ಶುರುವಾಯಿತು, ಒಳ್ಳೆಯ ಮಾತುಗಾರರು. ಎದುರುಬದುರು ಬಂತು, ಗೆರೆ. ಮೂರರ ಪಟ್ಟಿ ಬಂತು, ಗೆರೆ. ಇದು ಹೀಗೆ ಬರುತ್ತದೆ, ಈಗ ಬರುತ್ತದೆ ಅಂತ ಮೊದಲೇ ಹೇಳುವಷ್ಟು ಹುಷಾರಾಗಿಬಿಟ್ಟೆ.

ಆಮೇಲೆ ಅವರು ಕೆರೆಯ ವಿಷಯ ಎತ್ತಿದರು. "ನಿಮ್ಮ ಅಜ್ಜ ಕಟ್ಟಿದ ಕೆರೆ... ನಿಮ್ಮ ಅಪ್ಪ ಹೂಳು ಎತ್ತಿದ ಕೆರೆ..." ಅಂತ ನಿಲ್ಲಿಸಿದರು. ನಾನು ಮೂರನೆಯದಕ್ಕೆ ಪೆನ್ನು ಹಿಡಿದು ಕೂತಿದ್ದೆ.

ಪುಸ್ತಕದಲ್ಲಿ ಅಲ್ಲಿಂದ ಮುಂದೆ ಗೆರೆ ಇಲ್ಲ. ಪೆನ್ನು ಕೆಳಗೆ ಬಿದ್ದಿತ್ತು, ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ. ವಾಲ್ಯೂಮ್ ಏರಿಸುವುದೂ ಮರೆತೆ.

ಕಡ್ಲೆಪುರಿ

ಮೂರನೆಯದು ಏನಿತ್ತು ಮಂಜಣ್ಣ?

ಮೈಕ್‌ಸೆಟ್ ಮಂಜ

ಅದೇ ಕೇಳಿಸಲಿಲ್ಲ ಮಾರಾಯ್ರೇ.